ಬಚ್ಚಲುಮನೆಯ ಟ್ಯೂಬು ಕಾರಿನ ಸಂದಿಗೆ ಬೇಡ

ಪಾಡ್‌ಕಾಸ್ಟಿನಲ್ಲಿ ಹಳೇ ಕಾರುಗಳ ಬಗ್ಗೆ ಮಾತಾಡಿದ ಮೇಲೆ ನಾಲ್ಕಾರು ಜನ ಒಂದೇ ಪ್ರಶ್ನೆ ಕಳಿಸಿದ್ದೀರಿ: "ತಗಡಿನ ಸಂದುಗಳಿಗೆ ಯಾವ ಸೀಲಂಟ್ ಹಾಕಬೇಕು, ಹೆಸರು ಹೇಳಿಬಿಡಿ." ಹೆಸರು ಹೇಳಿಬಿಡೋದು ಸುಲಭ. ನೀವು ಅಂಗಡಿಗೆ ಹೋಗಿ ಆ ಟ್ಯೂಬು ತಂದು, ಕಂಡ ಕಂಡ ಸಂದಿಗೆಲ್ಲಾ ಒತ್ತಿ, ಮೇಲೆ ಬಣ್ಣ ಹೊಡೆದು, ಫೋಟೋ ಹಾಕ್ತೀರಿ. ಆರು ವರ್ಷ ಆದಮೇಲೆ ಇನ್ಯಾರೋ ಆ ಕಾರು ಕೊಂಡು ನಿಮಗೆ ಶಾಪ ಹಾಕ್ತಾರೆ. ಆ ಇನ್ಯಾರೋ ಆಗಿ ಒಂದು ಸಲ ಅನುಭವಿಸಿದವನು ನಾನು. ಅದಕ್ಕೇ ಇದನ್ನು ಸ್ವಲ್ಪ ಕೋಪದಲ್ಲೇ ಬರೀತಿದ್ದೀನಿ, ಬೇಜಾರು ಮಾಡಿಕೊಳ್ಳಬೇಡಿ.

ನನ್ನದು 1967ರ ಮಾರಿಸ್ ಮೈನರ್ 1000. ಬರ್ಮಿಂಗ್‌ಹ್ಯಾಮಿನ ಹತ್ತಿರ ಒಬ್ಬರಿಂದ ಕೊಂಡದ್ದು. "ಪೂರ್ತಿ ರೆಸ್ಟೋರ್ ಆಗಿದೆ" ಅಂದರು. ನೋಡೋಕೆ ಹಾಗೇ ಇತ್ತು. ಬಣ್ಣ ಕನ್ನಡಿ, ಕ್ರೋಮ್ ಕನ್ನಡಿ, ಅಡಿಗೆ ಹೊಸ ಕಪ್ಪು ಅಂಡರ್‌ಸೀಲ್. ಕಾರಿನ ಅಡಿ ಅಷ್ಟು ಕಪ್ಪಗೆ, ಅಷ್ಟು ಚೆನ್ನಾಗಿದ್ದರೆ ಅನುಮಾನ ಪಡಬೇಕು ಅನ್ನೋ ಬುದ್ಧಿ ಆಗ ನನಗಿರಲಿಲ್ಲ. ಒಂದು ವರ್ಷ ಸಂಸಾರ ಸಮೇತ ಓಡಾಡಿದೆವು. ಒಂದು ಭಾನುವಾರ ಎಂ42 ಹೆದ್ದಾರಿಯಲ್ಲಿ 55 ಮೈಲಿ ವೇಗದಲ್ಲಿ, ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು, ಮನೆಗೆ ಬಂದೆ. ಮುಂದಿನ ಶನಿವಾರ ಚಕ್ರ ಬಿಚ್ಚೋಣ ಅಂತ ಜಾಕ್ ಎತ್ತಿದರೆ ಕರಕ್ ಅಂತ ಸದ್ದು. ಕಾರು ಮೇಲೆ ಬರಲಿಲ್ಲ, ಜಾಕೇ ಒಳಗೆ ಹೋಯಿತು.

ಮೈನರ್ ಗೊತ್ತಿಲ್ಲದವರಿಗೆ ಎರಡು ಮಾತು. ಅಲೆಕ್ ಇಸಿಗೋನಿಸ್ ವಿನ್ಯಾಸ ಮಾಡಿದ ಈ ಕಾರು 1948ರಲ್ಲಿ ಬಂದು 1971ರವರೆಗೆ ತಯಾರಾಯಿತು. ಇದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಬೆನ್ನೆಲುಬು. ಬಾಗಿಲ ಕೆಳಗಿನ ಸಿಲ್‌ಗಳು, ನೆಲದ ಕೆಳಗೆ ಅಡ್ಡಕ್ಕೆ ಹಾದುಹೋಗುವ ಒಂದು ಪೆಟ್ಟಿಗೆಯಾಕಾರದ ತೊಲೆ ಇವೇ ಎಲ್ಲಾ ಭಾರ ಹೊರೋದು. ಮುಂದಿನ ಸಸ್ಪೆನ್ಷನ್ನಿನ ಟಾರ್ಷನ್ ಬಾರ್‌ಗಳ ಹಿಂದಿನ ತುದಿ ಕಚ್ಚಿಕೊಂಡಿರೋದು ಇದೇ ಅಡ್ಡತೊಲೆಗೆ. ಅಡ್ಡತೊಲೆಯ ತುದಿ ಸಿಲ್ಲಿಗೆ ಸೇರುವ ಮೂಲೆ ಇದೆಯಲ್ಲ, ಜಾಕ್ ಹಾಕೋ ಜಾಗ, ಅದು ಈ ಕಾರಿನ ಮರ್ಮಸ್ಥಾನ.

ಅಲ್ಲಿ ಅಂಡರ್‌ಸೀಲ್ ಕೆರೆದು ನೋಡಿದರೆ ಹೆಬ್ಬೆರಳು ದಪ್ಪದ ರಬ್ಬರಿನ ಪಟ್ಟಿ. ಅದರ ಮೇಲಿನ ಬಣ್ಣ ಹಾವಿನ ಪೊರೆ ಥರ ಬಿಟ್ಟು ಬಂತು. ಪಟ್ಟಿ ಹಿಡಿದು ಎಳೆದರೆ ಅದೂ ಉದ್ದಕ್ಕೆ ಬಿಟ್ಟು ಬಂತು, ಒಳಮೈಯಲ್ಲಿ ಕಂದು ಪುಡಿ ಅಂಟಿಸಿಕೊಂಡು. ಹಿಂದೆ ತಗಡು ಇರಬೇಕಿದ್ದ ಜಾಗದಲ್ಲಿ ತುಕ್ಕಿನ ಹಪ್ಪಳ. ಸ್ಕ್ರೂಡ್ರೈವರ್ ಇಟ್ಟರೆ ಹಿಡಿಯ ತನಕ ಹೋಯಿತು. ಯಾರೋ ಮಹಾನುಭಾವರು ತೂತಿಗೆ ಬಚ್ಚಲುಮನೆಯ ಟೈಲ್ಸಿಗೆ ಹಾಕೋ ಸಿಲಿಕೋನ್ ತುಂಬಿ, ಬೆರಳಲ್ಲಿ ನುಣ್ಣಗೆ ಸವರಿ, ಕಪ್ಪು ಬಳಿದು "ರೆಸ್ಟೋರ್" ಮಾಡಿದ್ದರು. ಮೇಲೆ ಥಳುಕು, ಒಳಗೆ ಹುಳುಕು. ನನ್ನ ಮಗಳು ಮಲಗಿದ್ದ ಜಾಗಕ್ಕೂ ಈ ತೂತಿಗೂ ಎರಡು ಅಡಿ ದೂರ.

ಇದರಲ್ಲಿ ಸಿಲಿಕೋನಿನ ತಪ್ಪು ಎಷ್ಟು, ಹಾಕಿದವರ ತಪ್ಪು ಎಷ್ಟು ಅಂತ ಕೇಳಿದರೆ, ಎರಡೂ ಬೇರೆ ಬೇರೆ ಅಪರಾಧ. ಮೊದಲು ಸಿಲಿಕೋನಿನ ಸಂಗತಿ. ಮನೆಗಳಿಗೆ ಸಿಗುವ ಅಗ್ಗದ ಸಿಲಿಕೋನ್ ಒಣಗುವಾಗ ವಿನೆಗರ್ ವಾಸನೆ ಬರುತ್ತಲ್ಲ, ಅದು ವಾಸನೆ ಮಾತ್ರ ಅಲ್ಲ, ನಿಜವಾದ ಅಸಿಟಿಕ್ ಆಸಿಡ್. ತುಕ್ಕು ಬರಬಾರದು ಅಂತ ಹಾಕಿದ ಪದಾರ್ಥವೇ ಬರಿ ಉಕ್ಕಿನ ಮೇಲೆ ಕೂತು ಆಸಿಡ್ ಬಿಡುತ್ತೆ. "ನ್ಯೂಟ್ರಲ್ ಕ್ಯೂರ್ ಸಿಲಿಕೋನ್ ಇದೆ, ಅದರಲ್ಲಿ ಆಸಿಡ್ ಇಲ್ಲ" ಅಂತ ಯಾರಾದರೂ ವಾದಕ್ಕೆ ಬರ್ತಾರೆ. ನಿಜ. ಆದರೆ ಅದರ ಮೇಲೂ ಬಣ್ಣ ನಿಲ್ಲೋದಿಲ್ಲ. ಅದರ ಜಿಡ್ಡು ಪಕ್ಕದ ತಗಡಿಗೆ ಒಂಚೂರು ತಾಗಿದ್ದರೂ ಬಣ್ಣ ಹೊಡೆದಾಗ ಅಲ್ಲಿ ಮೀನಿನ ಕಣ್ಣಿನ ಥರ ಗುಳಿ ಗುಳಿ ಬೀಳುತ್ತೆ. ಉಜ್ಜಿದರೆ ಹೋಗೋ ಬದಲು ಇನ್ನಷ್ಟು ಹರಡುತ್ತೆ. ಕೆಲಸ ಗೊತ್ತಿರುವ ಪೇಂಟರುಗಳು ಸಿಲಿಕೋನನ್ನು ಬೂತಿನ ಬಾಗಿಲ ಹತ್ತಿರವೂ ಬಿಟ್ಟುಕೊಳ್ಳೋದಿಲ್ಲ. ಬಚ್ಚಲಿಗೆ ಅದು ಒಳ್ಳೆಯದೇ. ಅಲ್ಲೇ ಇರಲಿ.

ಎರಡನೇ ಅಪರಾಧ ದೊಡ್ಡದು: ಸೀಲಂಟನ್ನು ತಗಡಿನ ಬದಲಿಗೆ ಹಾಕೋದು. ಸಿಲಿಕೋನ್ ಬಿಡಿ, ಜಗತ್ತಿನ ಅತ್ಯುತ್ತಮ ಪಾಲಿಯುರಿಥೇನ್ ಹಾಕಿದ್ದರೂ ಆ ಮೂಲೆ ಅಷ್ಟೇ ಟೊಳ್ಳಾಗಿರ್ತಿತ್ತು. ತುಕ್ಕಿಗೆ ಅಂಟಿದ್ದು ತುಕ್ಕಿನ ಜೊತೆಗೇ ಕಳಚಿ ಬರುತ್ತೆ. "ಎಲ್ಲದಕ್ಕೂ ಅಂಟುತ್ತೆ" ಅಂತ ಟ್ಯೂಬಿನ ಮೇಲೆ ಬರೆದಿರೋದು ಸುಳ್ಳಲ್ಲ, ಆದರೆ ನೀವು ಅಂಟಿಸಿದ್ದು ಯಾವುದಕ್ಕೆ ಅನ್ನೋದನ್ನ ಟ್ಯೂಬು ನೋಡೋದಿಲ್ಲ. ತೂತಿದ್ದರೆ ಕತ್ತರಿಸಿ ಹೊಸ ತಗಡು ಬೆಸೆಯಬೇಕು, ಬೇರೆ ದಾರಿಯಿಲ್ಲ. ಸೀಲಂಟಿನ ಕೆಲಸ ಶುರುವಾಗೋದು ಆಮೇಲೆ.

ಹಾಗಾದರೆ ಅದರ ಕೆಲಸವಾದರೂ ಏನು? ಹಳೇ ಕಾರಿನ ತಗಡುಗಳು ಒಂದರ ಮೇಲೊಂದು ಕೂತು ಅಲ್ಲಲ್ಲಿ ಸ್ಪಾಟ್ ವೆಲ್ಡ್ ಆಗಿರ್ತವೆ. ಎರಡು ಚುಕ್ಕೆಗಳ ನಡುವೆ ಕೂದಲೆಳೆಯಷ್ಟು ಸಂದು. ಅಗಲವಾದ ಬಿರುಕಿನಿಂದ ನೀರು ಹೊರಗೆ ಹರಿದುಹೋಗುತ್ತೆ, ಇಂಥ ಸಣ್ಣ ಸಂದು ಮಾತ್ರ ಬತ್ತಿ ಎಣ್ಣೆ ಹೀರಿದ ಹಾಗೆ ನೀರನ್ನ ಒಳಕ್ಕೆ ಎಳಕೊಳ್ಳುತ್ತೆ. ಒಳಗೆ ಗಾಳಿಯಾಡೋದಿಲ್ಲ. ಸಂದಿನ ಬಾಯಲ್ಲಿ ಆಮ್ಲಜನಕ ಇದೆ, ಆಳದಲ್ಲಿ ಇಲ್ಲ. ಈ ವ್ಯತ್ಯಾಸದಿಂದಲೇ ಒಂದು ಪುಟ್ಟ ಬ್ಯಾಟರಿ ಹುಟ್ಟಿ ಆಳದ ಉಕ್ಕು ಕರಗೋಕೆ ಶುರು. ಇಂಗ್ಲೆಂಡಿನಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರೀತಾರೆ, ಆ ಉಪ್ಪುನೀರು ಸೇರಿದರೆ ಒಳಗೆ ಆಮ್ಲೀಯ ವಾತಾವರಣ. ತುಕ್ಕು ಉಕ್ಕಿಗಿಂತ ಹಲವು ಪಟ್ಟು ಜಾಗ ಬೇಡುತ್ತೆ, ಹಾಗಾಗಿ ಉಬ್ಬಿ ತಗಡುಗಳನ್ನ ದೂಡಿ ಸಂದನ್ನ ಇನ್ನೂ ತೆರೆಯುತ್ತೆ. ಹೊರಗಿನ ಬಣ್ಣದ ಮೇಲೆ ಮೊದಲ ಗುಳ್ಳೆ ನಿಮ್ಮ ಕಣ್ಣಿಗೆ ಬೀಳೋ ಹೊತ್ತಿಗೆ ಒಳಗೆ ಅರ್ಧ ಕೆಲಸ ಮುಗಿದಿರುತ್ತೆ.

ಈಗ ಸೀಲಂಟ್ ಆರಿಸೋ ಪ್ರಶ್ನೆ. ಎಲ್ಲರೂ ಕೇಳೋದು "ಯಾವುದು ಗಟ್ಟಿ?" ಅಂತ. ನಾನು ಹೇಳೋದು, ಮೊದಲು ಕೇಳಬೇಕಾದ್ದು "ಈ ಸಂದನ್ನ ಮುಂದೆ ಯಾರಾದರೂ ಬಿಚ್ಚಬೇಕಾಗುತ್ತಾ?" ಅಂತ. ಇದೊಂದು ಪ್ರಶ್ನೆ ಕೇಳಿಕೊಂಡರೆ ಅಂಗಡಿಯ ಅರ್ಧ ಟ್ಯೂಬುಗಳು ತಾವಾಗೇ ಪಕ್ಕಕ್ಕೆ ಸರೀತವೆ.

ಮೈನರಿನ ಮಡ್‌ಗಾರ್ಡ್‌ಗಳನ್ನೇ ತಗೊಳ್ಳಿ (ಇಲ್ಲಿನವರು ವಿಂಗ್ ಅಂತಾರೆ). ನಾಲ್ಕೂ ಬೋಲ್ಟ್ ಹಾಕಿ ಕೂರಿಸಿದವು. ಮಡ್‌ಗಾರ್ಡಿಗೂ ಬಾಡಿಗೂ ನಡುವೆ ಒಂದು ಪ್ಲಾಸ್ಟಿಕ್ ಪೈಪಿಂಗ್ ಇರುತ್ತೆ, ದಿಂಬಿನ ಅಂಚಿಗೆ ಹೊಲಿದ ಗೋಟಿನ ಹಾಗೆ. ಬಿಚ್ಚಿ, ತೊಳೆದು, ಮತ್ತೆ ಹಾಕಲಿ ಅಂತಲೇ ಆ ವ್ಯವಸ್ಥೆ. ಅಲ್ಲಿಗೆ ಪಾಲಿಯುರಿಥೇನ್ ಅಂಟು ಹಾಕಿ ಕೂರಿಸುವ ವೀರರಿದ್ದಾರೆ. ಪಾಲಿಯುರಿಥೇನ್ ಅಂದರೆ ಇವತ್ತಿನ ಕಾರುಗಳ ಮುಂದಿನ ಗಾಜನ್ನ ಬಾಡಿಗೆ ಅಂಟಿಸೋ ಜಾತಿಯ ಪದಾರ್ಥ, ಅದರ ಹಿಡಿತ ಹೇಗಿರುತ್ತೆ ಅಂತ ಯೋಚನೆ ಮಾಡಿ. ಹತ್ತು ವರ್ಷ ಬಿಟ್ಟು ಆ ಮಡ್‌ಗಾರ್ಡ್ ತೆಗೆಯೋಕೆ ಹೋದವನು ಬೋಲ್ಟ್ ಬಿಚ್ಚಿ, ಎಳೆದು, ಬರದೇ ಇದ್ದಾಗ ಉಳಿ ಹಾಕಿ, ಕೊನೆಗೆ ತಗಡನ್ನೇ ಹರೀತಾನೆ. ಇಂಥ ಜಾಗಕ್ಕೆ ಬೇಕಾದ್ದು ಬ್ಯೂಟೈಲ್, ಅಂದರೆ ಯಾವತ್ತೂ ಒಣಗದೆ ಹಲಸಿನ ಮೇಣದ ಹಾಗೆ ಅಂಟಂಟಾಗೇ ಇರುವ ಜಾತಿ. ಪಟ್ಟಿಯಾಗಿ ಸಿಗುತ್ತೆ. ತೆಳುವಾಗಿ ಹಾಕಿ ಬೋಲ್ಟ್ ಬಿಗಿ ಮಾಡಿ. ತೆಗೆಯಬೇಕಾದಾಗ ನಿಧಾನ ಎಳೆದರೆ ಬಿಟ್ಟುಕೊಡುತ್ತೆ. ಅದರ ಮೇಲೆ ಬಣ್ಣ ನಿಲ್ಲಲ್ಲ, ಪೆಟ್ರೋಲ್ ತಾಗಿದರೆ ಮೆತ್ತಗಾಗುತ್ತೆ, ಹಾಗಾಗಿ ಕಣ್ಣಿಗೆ ಕಾಣೋ ಕಡೆ, ಪೆಟ್ರೋಲ್ ತುಂಬೋ ಬಾಯಿಯ ಹತ್ತಿರ ಬೇಡ. ಹಳೇ ಕಾರಿನ ಮುಂದಿನ ಗಾಜೂ ಹೀಗೇ: ರಬ್ಬರಿನ ಚೌಕಟ್ಟಿನಲ್ಲಿ ಕೂತದ್ದು, ಅಂಟಿಸಿದ್ದಲ್ಲ. ಅದಕ್ಕೂ ಗಟ್ಟಿಯಾಗದ ಮ್ಯಾಸ್ಟಿಕ್ಕೇ ಸರಿ.

ಬೆಸೆದ ಸಂದುಗಳ ಲೆಕ್ಕ ಬೇರೆ. ನೆಲ ಸಿಲ್ಲಿಗೆ ಸೇರೋದು, ಚಕ್ರದ ಒಳಗೂಡು ಬಾಡಿಗೆ ಸೇರೋದು, ಇವನ್ನ ಯಾರೂ ಬಿಚ್ಚೋದಿಲ್ಲ, ಬಿಚ್ಚಿದರೆ ಕತ್ತರಿಸಿಯೇ ಬಿಚ್ಚೋದು. ಇಲ್ಲಿ ಪಾಲಿಯುರಿಥೇನ್ ರಾಜ. ಒಣಗಿದ ಮೇಲೂ ಬಳುಕುತ್ತೆ, ಬಾಡಿ ನಡುಗಿದರೆ ಬಿರುಕು ಬಿಡೋದಿಲ್ಲ, ಬಣ್ಣ ಹಿಡಿಯುತ್ತೆ. ಅದಕ್ಕಿಂತ ಹೊಸದು ಎಂಎಸ್ ಪಾಲಿಮರ್, ಜಪಾನಿನ ಕನೇಕಾ ಕಂಪನಿ 1970ರ ದಶಕದ ಕೊನೆಗೆ ಮಾರುಕಟ್ಟೆಗೆ ತಂದ ರಸಾಯನ. ಇದರಲ್ಲಿ ಐಸೊಸಯನೇಟ್ ಇಲ್ಲ, ಬಿಸಿಲು ತಡೆಯುತ್ತೆ, ಮನೆ ಗ್ಯಾರೇಜಿನಲ್ಲಿ ಕೆಲಸ ಮಾಡೋರಿಗೆ ನನ್ನ ಓಟು ಇದಕ್ಕೇ. ಪಾಲಿಯುರಿಥೇನಿನ ಐಸೊಸಯನೇಟ್ ಉಸಿರಾಟಕ್ಕೆ ಒಳ್ಳೆಯದಲ್ಲ, ಒಮ್ಮೆ ಅಲರ್ಜಿ ಹತ್ತಿದರೆ ಆಸ್ತಮಾದ ತನಕ ಹೋಗಬಹುದು. ಗ್ಲೌಸ್ ಹಾಕಿ, ಬಾಗಿಲು ತೆಗೆದಿಡಿ. ಅದರ ಪಕ್ಕದಲ್ಲಿ ವೆಲ್ಡಿಂಗ್ ಅಂತೂ ಬೇಡವೇ ಬೇಡ, ಸುಟ್ಟರೆ ಹೊಗೆಯಲ್ಲಿ ಮತ್ತೆ ಅದೇ ವಿಷ. ವೆಲ್ಡಿಂಗ್ ಎಲ್ಲಾ ಮುಗಿದ ಮೇಲೆಯೇ ಸೀಲಂಟ್ ಕೈಗೆತ್ತಿಕೊಳ್ಳಿ.

ಬ್ರಷ್ಷಿನಲ್ಲಿ ಹಚ್ಚೋ ಡಬ್ಬಿಯ ಸೀಲಂಟ್ ಅಗ್ಗ. ಅದರ ದ್ರಾವಕ ಆರಿದ ಹಾಗೆ ಕುಗ್ಗುತ್ತೆ, ಅಂಚಿನಲ್ಲಿ ಎದ್ದು ನಿಲ್ಲುತ್ತೆ. ಸಣ್ಣಪುಟ್ಟ ಕಡೆ ಪರವಾಗಿಲ್ಲ. ಎರಡು ಭಾಗ ಬೆರೆಸೋ ಎಪಾಕ್ಸಿಯನ್ನ ನಮ್ಮವರು ಯಾಕೋ ತುಂಬಾ ಪ್ರೀತಿಸ್ತಾರೆ, ಊರಲ್ಲಿ ನೀರಿನ ಟ್ಯಾಂಕಿನಿಂದ ಹಿಡಿದು ಬಕೆಟ್ಟಿನ ತನಕ ಎಂ-ಸೀಲ್ ಮೆತ್ತಿ ಬೆಳೆದವರಲ್ಲವೇ ನಾವು. ಅದು ಕಲ್ಲಾಗುತ್ತೆ. ಕಾರು ಕಲ್ಲಲ್ಲ, ತಿರುಚುತ್ತೆ, ಬಳುಕುತ್ತೆ. ಬಳುಕೋ ಸಂದಿನಲ್ಲಿ ಕಲ್ಲು ಇಟ್ಟರೆ ಅಂಚಿನಲ್ಲಿ ಕೂದಲ ಬಿರುಕು ಬಿಟ್ಟು, ಹಿಂದೆ ಹೇಳಿದ ಬತ್ತಿಯ ಕೆಲಸ ಮತ್ತೆ ಶುರು.

ಇನ್ನೊಂದು ಪಂಗಡ ಇದೆ, ಇವರ ಜೊತೆ ಜಗಳ ಆಡೋದು ಕಷ್ಟ, ಯಾಕಂದರೆ ನಿಜವಾಗಿಯೂ ತಿಳಿದವರು. "ಕೌಲಿ ಕಾರ್ಖಾನೆಯಲ್ಲಿ ಈ ಕಾರು ಮಾಡಿದಾಗ ಪಾಲಿಯುರಿಥೇನ್ ಎಲ್ಲಿತ್ತು? ಅಂದು ಇಲ್ಲದ್ದನ್ನ ಇಂದು ಹಾಕಿದರೆ ಅದು ರೆಸ್ಟೊರೇಷನ್ ಹೇಗಾಗುತ್ತೆ?" ಅಂತಾರೆ. ಕಾಣುವ ಕಡೆ ಈ ಮಾತಿಗೆ ನಾನು ಪೂರ್ತಿ ಒಪ್ತೀನಿ. ಬೂಟಿನೊಳಗೆ ಕೇಕಿನ ಕ್ರೀಮ್ ಥರ ಸುರುಳಿ ಸುರುಳಿ ಸೀಲಂಟ್ ಹಾಕಿದ ಮೈನರುಗಳನ್ನ ಕಂಡರೆ ನನಗೂ ಮೈ ಉರಿಯುತ್ತೆ. ಆದರೆ ಆ ಕಾರ್ಖಾನೆ ಈ ತಗಡು 2020ರ ದಶಕಕ್ಕೂ ಇರಲಿ ಅಂತ ಲೆಕ್ಕ ಹಾಕಿ ಬೆಸೆದಿರಲಿಲ್ಲ. ಅವರಿಗೆ ಕಾರು ಬೇಗ ಮಾಡಿ ಬೇಗ ಮಾರಬೇಕಿತ್ತು, ಸುಮಾರು 16 ಲಕ್ಷ ಮಾಡಿದರು. ಅವುಗಳಲ್ಲಿ ಬಹುಪಾಲು ತುಕ್ಕು ತಿಂದು ಗುಜರಿಗೆ ಹೋದವು. ಕಾರ್ಖಾನೆಯ ತಪ್ಪನ್ನೂ ಭಕ್ತಿಯಿಂದ ನಕಲು ಮಾಡಬೇಕು ಅಂದರೆ ಹೇಗೆ? ಕಾಣದ ಸಂದಿನಲ್ಲಿ ಇವತ್ತಿನ ಪದಾರ್ಥ ಹಾಕಿ, ಕಾಣುವಲ್ಲಿ ಬ್ರಷ್ಷಿನ ಗೆರೆ ಉಳಿಸಿ ತೆಳುವಾಗಿ ಎಳೆಯಿರಿ. ಇಷ್ಟಕ್ಕೆ ಯಾವ ಶುದ್ಧಿಯೂ ಕೆಡೋದಿಲ್ಲ.

ಇಷ್ಟು ಹೇಳಿದ ಮೇಲೂ ಟ್ಯೂಬಿನ ಬಗ್ಗೆ ನೀವು ತಲೆಕೆಡಿಸಿಕೊಳ್ಳೋದರ ಅರ್ಧದಷ್ಟು ನೀರಿನ ಬಗ್ಗೆ ಕೆಡಿಸಿಕೊಂಡರೆ ಸಾಕು ಅಂತ ನನಗನ್ನಿಸುತ್ತೆ. ಸಾಗರದಲ್ಲಿ ನಮ್ಮ ದೊಡ್ಡಪ್ಪನ ಹತ್ತಿರ ಒಂದು ಅಂಬಾಸಿಡರ್ ಇತ್ತು. ಅದೂ ಮಾರಿಸ್ ಮನೆತನದ್ದೇ: ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ಬಂದು, ಉತ್ತರಪಾರಾದಲ್ಲಿ 2014ರವರೆಗೆ ತಯಾರಾದದ್ದು. ಮಲೆನಾಡಿನ ಮಳೆಗೆ ಡ್ರೈವರ್ ಕಾಲ ಬಳಿ ನೀರು ನಿಲ್ತಿತ್ತು. ಟಿಂಕರಿಂಗ್ ಶೆಡ್ಡಿನ ಮೇಸ್ತ್ರಿ ಏನನ್ನೂ ಹಚ್ಚಲಿಲ್ಲ. ದೊಡ್ಡಪ್ಪನನ್ನ ಒಳಗೆ ಕೂರಿಸಿ, "ಅಣ್ಣಾ, ಮ್ಯಾಟ್ ಎತ್ತಿ ನೋಡ್ತಾ ಇರಿ" ಅಂತ ಹೇಳಿ, ಕೊಡದಿಂದ ನೀರನ್ನ ಮೊದಲು ಬಾಗಿಲ ಕೆಳಗೆ, ಆಮೇಲೆ ಬಾಗಿಲಿಗೆ, ಕೊನೆಗೆ ಗಾಜಿನ ಮೇಲೆ, ಹೀಗೆ ಕೆಳಗಿನಿಂದ ಮೇಲಕ್ಕೆ ಸುರೀತಾ ಬಂದ. ಗಾಜಿನ ಮೂಲೆಗೆ ಬಂದಾಗ ದೊಡ್ಡಪ್ಪ ಕೂಗಿದರು. ನೀರು ನಿಂತದ್ದು ನೆಲದಲ್ಲಿ, ಬಂದದ್ದು ಗಾಜಿನ ರಬ್ಬರಿನಿಂದ. ಹೆಂಚಿನ ಮನೆಯಲ್ಲಿ ಬೆಳೆದ ಯಾರಿಗೂ ಇದು ಹೊಸದಲ್ಲ, ಸೋರೋ ಜಾಗ ಒಂದು, ಹೆಂಚು ಒಡೆದ ಜಾಗ ಇನ್ನೊಂದು. ಆದರೆ ಇಲ್ಲಿಗೆ ಬಂದು ಕೈಗೆ ಸೀಲಂಟ್ ಗನ್ ಸಿಕ್ಕಿದ ತಕ್ಷಣ ನಾವು ಅದನ್ನ ಮರೀತೀವಿ. ಮೈನರಿನಲ್ಲೂ ನೆಲ ಒದ್ದೆ ಅಂತ ನೆಲದ ಸಂದಿಗೆಲ್ಲಾ ಸೀಲಂಟ್ ಒತ್ತಿದವರನ್ನ ಕಂಡಿದ್ದೀನಿ. ಮೇಲಿನಿಂದ ಬರೋ ನೀರು ಬರ್ತಲೇ ಇತ್ತು, ಹೊರಗೆ ಹೋಗೋ ದಾರಿ ಮಾತ್ರ ಬಂದ್ ಆಯಿತು. ಕಾರು ಬಾನಿಯಾಯಿತು.

ಇದು ಸೀಲಂಟ್ ಟ್ಯೂಬಿನ ಮೇಲೆ ಯಾರೂ ಬರೆಯದ ಸಂಗತಿ: ಕೆಲವು ತೂತುಗಳು ತೂತಾಗೇ ಇರಬೇಕು. ಬಾಗಿಲ ಅಡಿಯ ತೂತು, ಸಿಲ್ಲಿನ ಅಡಿಯ ತೂತು, ಅಡ್ಡತೊಲೆಯ ಅಡಿಯ ತೂತು, ಎಲ್ಲಾ ನೀರು ಇಳಿಯೋಕೆ, ಗಾಳಿಯಾಡೋಕೆ ಬಿಟ್ಟದ್ದು. ಗಾಜಿನ ಅಂಚಿನಿಂದ ಬಾಗಿಲೊಳಗೆ ಮಳೆನೀರು ಇಳಿದೇ ಇಳಿಯುತ್ತೆ, ಕೆಳಗೆ ಹೋಗಲಿ ಅಂತಲೇ ಆ ವಿನ್ಯಾಸ. ನಿಂತ ಸಂದುಗಳಲ್ಲೂ ಮೇಲ್ತುದಿ, ಪಕ್ಕ ಮುಚ್ಚಿ, ಎಲ್ಲಕ್ಕಿಂತ ಕೆಳಗಿನ ತುದಿ ಒಂದಿಷ್ಟು ಬಿಡಿ.

ನಾನು ಆ ಅಡ್ಡತೊಲೆಯ ತುದಿಗಳನ್ನ ಹೇಗೆ ಮಾಡಿದೆ ಅಂತ ಹೇಳಿಬಿಡ್ತೀನಿ. ಸಿಲಿಕೋನ್ ಪೂರ್ತಿ ಬ್ಲೇಡಿನಲ್ಲಿ ಕೆರೆದು ತೆಗೆದು, ಅದು ತಾಗಿದ್ದ ತಗಡನ್ನೂ ಸೇರಿಸಿ ಕತ್ತರಿಸಿ ಬಿಸಾಕಿದೆ. ಹೊಸ ತಗಡಿನ ಅಂಚುಗಳಿಗೆ, ಒಂದರ ಮೇಲೊಂದು ಕೂರೋ ಮುಖಗಳಿಗೆ, ಬೆಸುಗೆ ತಡೆಯೋ ಸತುವಿನ ಪ್ರೈಮರ್. ಆಮೇಲೆ ವೆಲ್ಡಿಂಗ್, ಅದಕ್ಕೆ ನನಗಿಂತ ಕೈ ಪಳಗಿದವರನ್ನ ಕರೆದೆ. ಬೆಸುಗೆ ಉಜ್ಜಿ, ಜಿಡ್ಡು ಒರೆಸಿ, ಬರಿ ಉಕ್ಕಿಗೆ ಎಪಾಕ್ಸಿ ಪ್ರೈಮರ್. ಅದರ ಮೇಲೆ ಎಂಎಸ್ ಪಾಲಿಮರ್, ತೆಳುವಾದ ಒಂದು ಗೆರೆ, ಬ್ರಷ್ಷಿನಲ್ಲಿ ಸಂದಿನೊಳಕ್ಕೆ ಒತ್ತಿದ್ದು. ಇವು ಗಾಳಿಯ ತೇವದಿಂದ ಹೊರಗಿನಿಂದ ಒಳಕ್ಕೆ ಗಟ್ಟಿಯಾಗೋ ಪದಾರ್ಥಗಳು, ದಿನಕ್ಕೆ 2-4 ಮಿಲಿಮೀಟರ್, ಜನವರಿಯ ಕೊರೆಯೋ ಗ್ಯಾರೇಜಿನಲ್ಲಿ ಇನ್ನೂ ನಿಧಾನ. ದಪ್ಪ ಹಾಕಿ ಸಂಜೆಗೇ ಬಣ್ಣ ಹೊಡೆದರೆ ಒಳಗೆ ಹಸಿ, ಹೊರಗೆ ಬಿರುಕು. ಬಣ್ಣ ಪೂರ್ತಿ ಆರಿದ ಮೇಲೆ ಪೆಟ್ಟಿಗೆಯೊಳಕ್ಕೆ ಕೊಳವೆ ಬಿಟ್ಟು ಮೇಣ ಸಿಂಪಡಿಸಿದೆ. ಅದು ತಾನಾಗಿ ಹರಿದು ನನ್ನ ಕೈ, ಬ್ರಷ್ಷು ಹೋಗದ ಸಂದಿಗೆಲ್ಲಾ ಹೋಗುತ್ತೆ. ಅಡಿಗೆ ಆ ಕಪ್ಪು ಟಾರು ಮಾತ್ರ ಮತ್ತೆ ಹಾಕಲಿಲ್ಲ. ವರ್ಷ ಕಳೆದ ಹಾಗೆ ಅದು ಗಟ್ಟಿಯಾಗಿ ಬಿರಿಯುತ್ತೆ, ಹಿಂದೆ ನೀರು ಹಿಡಿದಿಟ್ಟುಕೊಳ್ಳುತ್ತೆ. ಅದಕ್ಕಿಂತ ಹೆಚ್ಚಾಗಿ, ಮುಂದೆ ಈ ಕಾರು ಕೊಳ್ಳೋರಿಗೆ ತಗಡು ಕಾಣಬೇಕು.

"ಹವ್ಯಾಸಕ್ಕೆ ಇಷ್ಟೊಂದು ಯಾಕ್ರೀ?" ಅಂತ ಒಬ್ಬ ಗೆಳೆಯ ಕೇಳಿದ. ಯಾಕೆ ಅಂದರೆ ಯಾರೂ ನೋಡೋದಿಲ್ಲ. ಮೇ 2018ರಿಂದ ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಆಗದ ಕಾರುಗಳಿಗೆ ವಾರ್ಷಿಕ ಎಂಒಟಿ ತಪಾಸಣೆಯಿಂದ ವಿನಾಯಿತಿ ಇದೆ. ಎಂಒಟಿ ಇದ್ದರೂ ಪರೀಕ್ಷಕ ಒತ್ತಿ, ತಟ್ಟಿ ನೋಡಬಹುದು, ಬಿಚ್ಚಿ ನೋಡುವಂತಿಲ್ಲ. ಆದರೂ ವರ್ಷಕ್ಕೊಮ್ಮೆ ಇನ್ನೊಂದು ಜೊತೆ ಕಣ್ಣು ಕಾರಿನ ಅಡಿ ಹೋಗ್ತಿತ್ತು. ಈಗ ಅದೂ ಇಲ್ಲ. ಜವಾಬ್ದಾರಿಗೆ ವಿನಾಯಿತಿ ಇಲ್ಲ ಅನ್ನೋದನ್ನ ಮಾತ್ರ ಜನ ಮರೀತಾರೆ: ಅಪಾಯಕಾರಿ ಸ್ಥಿತಿಯ ವಾಹನ ಓಡಿಸಿದರೆ 2,500 ಪೌಂಡಿನವರೆಗೆ ದಂಡ, ಲೈಸೆನ್ಸಿಗೆ 3 ಪಾಯಿಂಟ್. ವಿನಾಯಿತಿ ಇದ್ದರೂ ದುಡ್ಡು ಕೊಟ್ಟು ಎಂಒಟಿ ಮಾಡಿಸಬಹುದು, ನಾನು ಮಾಡಿಸ್ತೀನಿ. ನನ್ನ ಕಾರು ಮಾರಿದವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಬಹುಶಃ ಅವರೂ ಅದನ್ನ ಹಾಗೇ ಕೊಂಡಿರಬಹುದು. ಒಂದು ಮುಚ್ಚಿದ ತೂತು ಕೈಯಿಂದ ಕೈಗೆ ದಾಟುತ್ತಾ, ಪ್ರತಿ ಸಲವೂ ಬೆಲೆ ಏರಿಸಿಕೊಳ್ಳುತ್ತಾ ನನ್ನ ತನಕ ಬಂತು.

ಹಾಗಾಗಿ ನಿಮ್ಮ ಹತ್ತಿರ ಇಂಥದ್ದೊಂದು ಕಾರಿದ್ದರೆ, ಮೈನರ್ ಆಗಲಿ ಬೀಟಲ್ ಆಗಲಿ, ಅಂಗಡಿಗೆ ಹೋಗೋ ಮೊದಲು ಈ ಶನಿವಾರ ಒಂದು ಟಾರ್ಚು, ಒಂದು ಹಳೇ ಸ್ಕ್ರೂಡ್ರೈವರ್ ಹಿಡಿದು ಅಡಿಗೆ ಹೋಗಿ. ಕಾರನ್ನ ಬರೀ ಜಾಕಿನ ಮೇಲೆ ಬಿಡಬೇಡಿ, ಸ್ಟ್ಯಾಂಡ್ ಕೊಡಿ. ಸಿಲ್ಲಿನ ಮೂಲೆಗಳಲ್ಲಿ, ಹಿಂದಿನ ಪಟ್ಟಿ ಸ್ಪ್ರಿಂಗ್ ಕಚ್ಚಿಕೊಂಡಿರೋ ಕಡೆಯಲ್ಲಿ, ಅಡ್ಡತೊಲೆಯ ತುದಿಗಳಲ್ಲಿ ಜೋರಾಗಿ ಒತ್ತಿ. ಎಲ್ಲಾದರೂ ರಬ್ಬರಿನ ಹಾಗೆ ಮೆತ್ತಗೆ ಸಿಕ್ಕಿದರೆ ಅದರ ತುದಿ ಎಬ್ಬಿಸಿ ಎಳೆಯಿರಿ. ಏನು ಸಿಕ್ಕಿತು ಅಂತ ನನಗೆ ಬರೆಯಿರಿ, ಫೋಟೋ ಇದ್ದರೆ ಕಳಿಸಿ. ಯಾವ ಟ್ಯೂಬು ಅನ್ನೋದನ್ನ ಆಮೇಲೆ ಮಾತಾಡೋಣ.